ಹೊಗೆಗೆ ಬೆಲೆ ಕಟ್ಟಿದರೆ ಹೊಸತನ ಬಂದೀತೇ?

ಮಾಲಿನ್ಯ ನಿಯಂತ್ರಣ ಎಂದೊಡನೆ ನಮ್ಮ ಸಣ್ಣ ಉದ್ಯಮಿಗಳ ಕಣ್ಣ ಮುಂದೆ ಬಂದು ನಿಲ್ಲುವುದು ಎರಡೇ ಸಂಗತಿಗಳು: ಸಮ್ಮತಿ ಪತ್ರದ ನವೀಕರಣ ಮತ್ತು ಅಧಿಕಾರಿಗಳ ಭೇಟಿ. ಚಿಮಣಿ ಇಷ್ಟು ಎತ್ತರವಿರಬೇಕು, ಇಂಥ ಉಪಕರಣ ಕೂರಿಸಿರಬೇಕು, ಹೊರಬರುವ ಒಂದು ಘನಮೀಟರ್ ಗಾಳಿಯಲ್ಲಿ ಧೂಳು ಇಷ್ಟು ಮಿಲಿಗ್ರಾಂ ಮೀರಬಾರದು. ಇಷ್ಟನ್ನು ಪಾಲಿಸಿದರೆ ವ್ಯವಹಾರ ಮುಗಿಯಿತು. ಮಿತಿ 150 ಮಿಲಿಗ್ರಾಂ ಇದ್ದಲ್ಲಿ 149ಕ್ಕೆ ನಿಲ್ಲಿಸಿದವನೂ 60ಕ್ಕೆ ಇಳಿಸಿದವನೂ ಕಾನೂನಿನ ಕಣ್ಣಿಗೆ ಒಂದೇ. ಅರವತ್ತಕ್ಕೆ ಇಳಿಸಲು ಮಾಡಿದ ಹೆಚ್ಚುವರಿ ಖರ್ಚಿಗೆ ಯಾರೂ ಒಂದು ಕಾಸು ಕೊಡುವುದಿಲ್ಲ. 151 ಬಂದವನಿಗೆ ಮಾತ್ರ ನೋಟೀಸು ತಪ್ಪುವುದಿಲ್ಲ.

ಈ ಏರ್ಪಾಟಿನಲ್ಲಿ ಬುದ್ಧಿವಂತ ಉದ್ಯಮಿಯ ಬುದ್ಧಿ ಎತ್ತ ಹರಿಯಬೇಕು? ಮಿತಿಯ ಗೆರೆಯ ಒಳಗೆ ಕಾಣಿಸಿಕೊಳ್ಳುವುದರ ಕಡೆಗೆ. ಪರೀಕ್ಷೆಯ ದಿನ ಬ್ಯಾಗ್ ಫಿಲ್ಟರ್ ಓಡುತ್ತದೆ, ಉಳಿದ ದಿನ ವಿದ್ಯುತ್ ಬಿಲ್ಲಿನ ಭಯಕ್ಕೆ ನಿಲ್ಲುತ್ತದೆ. ಕಪ್ಪು ಹೊಗೆ ಭಾನುವಾರ ರಾತ್ರಿ ಹೊರಡುವುದು ಯಾರಿಗೂ ತಿಳಿಯದ ಸಂಗತಿಯೇನಲ್ಲ. ಇನ್ನೂ ಒಂದು ವಿಚಿತ್ರವಿದೆ. ಅಳತೆ ಘನಮೀಟರಿಗೆ ಇಷ್ಟು ಎಂದಾಗ, ತಿಂಗಳಿಗೆ ಒಟ್ಟು ಎಷ್ಟು ಕಿಲೋ ಧೂಳು ಊರ ಮೇಲೆ ಬಿತ್ತು ಎಂಬ ಲೆಕ್ಕ ಯಾರ ಕಡತದಲ್ಲಿಯೂ ಇರುವುದಿಲ್ಲ. ಉಗಿ ಪೈಪುಗಳಿಗೆ ಹೊದಿಕೆ ಹಾಕಿಸಿ, ಸೋರುವ ಸ್ಟೀಮ್ ಟ್ರ್ಯಾಪ್‌ಗಳನ್ನು ಬದಲಿಸಿ, ಕಂಡೆನ್ಸೇಟ್ ನೀರನ್ನು ಮರಳಿ ಬಾಯ್ಲರಿಗೆ ತಂದು, ಕಲ್ಲಿದ್ದಲನ್ನೇ ಐದನೇ ಒಂದರಷ್ಟು ಉಳಿಸಿದವನಿದ್ದಾನೆ ಎನ್ನಿ. ಅವನ ಧೂಳೂ ಸರಿಸುಮಾರು ಅಷ್ಟೇ ಪ್ರಮಾಣದಲ್ಲಿ ಇಳಿದಿರುತ್ತದೆ. ಆದರೆ ಘನಮೀಟರಿನ ಲೆಕ್ಕದಲ್ಲಿ ಅವನು ಇದ್ದಲ್ಲಿಯೇ ಇದ್ದಾನೆ. ಅವನ ಜಾಣತನ ಕಾನೂನಿಗೆ ಕಾಣುವುದಿಲ್ಲ.

ಇದಕ್ಕೆ ಪರ್ಯಾಯವಾಗಿ ಅರ್ಥಶಾಸ್ತ್ರಜ್ಞರು ಬಹುಕಾಲದಿಂದ ಸೂಚಿಸುತ್ತ ಬಂದಿರುವುದು ಮಾರುಕಟ್ಟೆ ಆಧಾರಿತ ನಿಯಂತ್ರಣ. ಮಾಲಿನ್ಯದ ಒಟ್ಟು ಪ್ರಮಾಣಕ್ಕೆ ಸರಕಾರ ಮಿತಿ ಹಾಕಿ, ಆ ಮಿತಿಯನ್ನು ಪರ್ಮಿಟ್‌ಗಳಾಗಿ ಒಡೆದು, ಕೊಳ್ಳುವ ಮಾರುವ ಅವಕಾಶವನ್ನು ಘಟಕಗಳಿಗೇ ಬಿಡುವುದು ಒಂದು ಕ್ರಮ. ಕಿಲೋ ಒಂದಕ್ಕೆ ಇಷ್ಟೆಂದು ಶುಲ್ಕ ವಿಧಿಸುವುದು ಇನ್ನೊಂದು. ಎರಡರಲ್ಲಿಯೂ ತಿರುಳು ಒಂದೇ: ಕಡಿಮೆ ಮಾಡಿದ ಪ್ರತಿಯೊಂದು ಕಿಲೋಗೂ ಬೆಲೆಯಿದೆ. ವಾಣಿಜ್ಯ ವಲಯದ ಸಭೆಗಳಲ್ಲಿ ಈ ಮಾತು ಬಂದಾಗ ಎರಡು ಬಗೆಯ ಅಭಿಪ್ರಾಯ ಕೇಳಿಬರುತ್ತದೆ. ಇದು ಹೊಸ ಹೆಸರಿನ ಇನ್ನೊಂದು ತೆರಿಗೆ ಎಂಬುದು ಮೊದಲನೆಯದು. ಬೆಲೆಯೊಂದನ್ನು ಕಟ್ಟಿಬಿಟ್ಟರೆ ಹೊಸ ತಂತ್ರಜ್ಞಾನ ತಾನಾಗಿ ಹುಟ್ಟಿಬಿಡುತ್ತದೆ ಎಂಬುದು ಎರಡನೆಯದು. ಎರಡೂ ಅರ್ಧ ಸತ್ಯವೆಂದು ನನ್ನ ಅಭಿಪ್ರಾಯ. ಬೆಲೆಯಿಂದ ಹೊಸತನ ಬರುವುದು ನಿಜ. ಆದರೆ ಅದು ನಾವು ನಿರೀಕ್ಷಿಸುವ ಜಾಗದಲ್ಲಿ ಬರುವುದಿಲ್ಲ, ಮತ್ತು ಅಳತೆ ನಂಬಿಕೆಗೆ ಯೋಗ್ಯವಾಗಿಲ್ಲದಿದ್ದರೆ ಬರುವುದೇ ಇಲ್ಲ. ಇದಕ್ಕೆ ಆಧಾರವಾಗಿ ದೂರದ ದೇಶಗಳಿಗಿಂತ ಮೊದಲು ನಮ್ಮ ದೇಶದ ಉದಾಹರಣೆಯನ್ನೇ ನೋಡೋಣ.

ಸೂರತ್‌ನ ಧೂಳಿನ ಪೇಟೆ

ಕೇಂದ್ರ ಪರಿಸರ ಸಚಿವಾಲಯವು 2011ರಲ್ಲಿ ಗುಜರಾತ್, ಮಹಾರಾಷ್ಟ್ರ ಮತ್ತು ತಮಿಳುನಾಡುಗಳಲ್ಲಿ ಇಂಥ ಪ್ರಯೋಗ ನಡೆಸುವುದಾಗಿ ಪ್ರಕಟಿಸಿತ್ತು. ಆ ಪಟ್ಟಿಯಲ್ಲಿ ಕರ್ನಾಟಕ ಇರಲಿಲ್ಲ. ಮೂರರಲ್ಲಿ ಕಾರ್ಯರೂಪಕ್ಕೆ ಮೊದಲು ಇಳಿದದ್ದು ಗುಜರಾತ್, ಅದೂ 2019ರಲ್ಲಿ. ಗುಜರಾತ್ ಮಾಲಿನ್ಯ ನಿಯಂತ್ರಣ ಮಂಡಳಿಯು ಸೂರತ್ ಸುತ್ತಲಿನ 317 ಕಾರ್ಖಾನೆಗಳನ್ನು ಆಯ್ದುಕೊಂಡಿತು. ಅವುಗಳಲ್ಲಿ ಬಹುಪಾಲು ಬಟ್ಟೆಗೆ ಬಣ್ಣ ಹಾಕುವ, ಮುದ್ರಿಸುವ ಘಟಕಗಳು. ಕಲ್ಲಿದ್ದಲು, ಲಿಗ್ನೈಟ್ ಉರಿಸುವ ಬಾಯ್ಲರುಗಳನ್ನು ಇಟ್ಟುಕೊಂಡವು. ಚೀಟಿ ಎತ್ತಿದಂತೆ, ಯಾರ ಶಿಫಾರಸ್ಸೂ ಇಲ್ಲದೆ, 162 ಘಟಕಗಳನ್ನು ಪರ್ಮಿಟ್ ವ್ಯಾಪಾರಕ್ಕೆ ಸೇರಿಸಲಾಯಿತು. ಉಳಿದವು ಹಳೆಯ ನಿಯಮದಲ್ಲಿಯೇ ಮುಂದುವರಿದವು. ಔಷಧಿ ಪರೀಕ್ಷಿಸುವ ಕ್ರಮದಲ್ಲಿ ಒಂದು ಕಾನೂನನ್ನು ಪರೀಕ್ಷಿಸಿದ್ದು ಇಲ್ಲಿನ ವಿಶೇಷ. ಮೈಕೆಲ್ ಗ್ರೀನ್‌ಸ್ಟೋನ್, ರೋಹಿಣಿ ಪಾಂಡೆ, ನಿಕೊಲಸ್ ರಯನ್, ಅನಂತ್ ಸುದರ್ಶನ್ ಎಂಬ ಅರ್ಥಶಾಸ್ತ್ರಜ್ಞರು ಇದರ ವಿನ್ಯಾಸದಲ್ಲಿ ಕೈಜೋಡಿಸಿದ್ದರು.

ವ್ಯವಸ್ಥೆ ನಮ್ಮ ವ್ಯಾಪಾರಿಗಳಿಗೆ ಸುಲಭವಾಗಿ ಅರ್ಥವಾಗುವಂಥದು. ಎಲ್ಲ ಘಟಕಗಳಿಂದ ಸೇರಿ ತಿಂಗಳಿಗೆ ಇಷ್ಟು ಟನ್ ಧೂಳು ಎಂದು ಮಿತಿ ಹಾಕಲಾಯಿತು. ಆರಂಭದಲ್ಲಿ 280 ಟನ್ ಇದ್ದದ್ದು ಮುಂದೆ 170 ಟನ್ನಿಗೆ ಇಳಿಯಿತು. ಪರ್ಮಿಟ್‌ಗಳಲ್ಲಿ ಶೇ. 80ರಷ್ಟನ್ನು ಘಟಕಗಳಿಗೆ ಉಚಿತವಾಗಿ ಹಂಚಿ, ಉಳಿದವನ್ನು ಹರಾಜಿಗೆ ಇಡಲಾಯಿತು. ಬೆಲೆ ಕಿಲೋಗೆ ರೂ. 5ಕ್ಕಿಂತ ಕೆಳಗೆ ಇಳಿಯಬಾರದು, ರೂ. 100ಕ್ಕಿಂತ ಮೇಲೆ ಏರಬಾರದು. ಅವಧಿ ಮುಗಿದಾಗ ಬಿಟ್ಟ ಧೂಳಿಗೆ ತಕ್ಕಷ್ಟು ಪರ್ಮಿಟ್ ಕೈಯಲ್ಲಿಲ್ಲದವನು ಕಿಲೋಗೆ ರೂ. 200ರಂತೆ ಪರಿಹಾರ ತೆರಬೇಕು, ಅದೂ ಮೊದಲೇ ಇಟ್ಟ ಠೇವಣಿಯಿಂದ. ವಸೂಲಿಗೆ ನ್ಯಾಯಾಲಯಕ್ಕೆ ಅಲೆಯುವ ಪ್ರಶ್ನೆಯೇ ಬಾರದಂತೆ ನೋಡಿಕೊಂಡದ್ದು ಜಾಣತನದ ಕೆಲಸ.

ಫಲಿತಾಂಶ? ವ್ಯಾಪಾರಕ್ಕೆ ಸೇರಿದ ಘಟಕಗಳ ಧೂಳು, ಹಳೆಯ ನಿಯಮದಲ್ಲಿದ್ದವುಗಳಿಗೆ ಹೋಲಿಸಿದರೆ, ಶೇ. 20ರಿಂದ 30ರಷ್ಟು ಕಡಿಮೆಯಾಯಿತು. ಪರ್ಮಿಟ್ ಹೊಂದಿಸುವ ಹೊಣೆಯನ್ನು ಶೇ. 99ರಷ್ಟು ಪ್ರಸಂಗಗಳಲ್ಲಿ ಘಟಕಗಳು ಪಾಲಿಸಿದವು. ಅಷ್ಟೇ ಪ್ರಮಾಣದ ಧೂಳನ್ನು ಹಳೆಯ ಕ್ರಮದಲ್ಲಿ ತಗ್ಗಿಸಲು ಆಗುತ್ತಿದ್ದ ಖರ್ಚಿಗಿಂತ ಇಲ್ಲಿನ ಖರ್ಚು ಹತ್ತನೇ ಒಂದಂಶಕ್ಕೂ ಮಿಗಿಲಾಗಿ ಕಡಿಮೆ ಎಂದು 2025ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿದೆ.

ಖರ್ಚು ಇಳಿಯುವುದು ಹೇಗೆಂಬುದನ್ನು ಒಂದು ಕಾಲ್ಪನಿಕ ಲೆಕ್ಕದಿಂದ ತಿಳಿಯಬಹುದು. ಮೊದಲ ಘಟಕಕ್ಕೆ ಒಂದು ಕಿಲೋ ಧೂಳು ಹಿಡಿಯಲು ರೂ. 8 ಬೀಳುತ್ತದೆ, ಬಾಯ್ಲರ್ ಹೊಸದು, ಜಾಗವೂ ಇದೆ. ಎರಡನೆಯದಕ್ಕೆ ರೂ. 40, ಶೆಡ್ಡು ಇಕ್ಕಟ್ಟು, ಯಂತ್ರ ಹಳೆಯದು. ಹಳೆಯ ನಿಯಮ ಇಬ್ಬರನ್ನೂ ಒಂದೇ ಗೆರೆಗೆ ಎಳೆಯುತ್ತದೆ. ಪೇಟೆಯಲ್ಲಿ ಪರ್ಮಿಟ್ ಬೆಲೆ ರೂ. 20 ಇದ್ದರೆ ಮೊದಲನೆಯವನು ತನ್ನ ಪಾಲಿಗಿಂತ ಹೆಚ್ಚು ತಗ್ಗಿಸಿ ಮಾರುತ್ತಾನೆ, ಎರಡನೆಯವನು ಕೊಳ್ಳುತ್ತಾನೆ. ಊರಿನ ಗಾಳಿಗೆ ಬೀಳುವ ಒಟ್ಟು ಧೂಳು ಮಾತ್ರ ನಿಗದಿಯಾದಷ್ಟೇ. ಎರಡನೆಯವನು ಮುಂದೆ ಬಾಯ್ಲರ್ ಬದಲಿಸುವ ಕಾಲಕ್ಕೆ, ವರ್ಷವರ್ಷವೂ ಪರ್ಮಿಟ್‌ಗೆ ಸುರಿದ ಹಣವನ್ನು ಲೆಕ್ಕಕ್ಕೆ ಹಿಡಿದೇ ಹೊಸ ಬಾಯ್ಲರಿನ ಕೊಟೇಶನ್ ನೋಡುತ್ತಾನೆ. ಹೊಸತನಕ್ಕೆ ಬೆಲೆ ಒತ್ತುವುದು ಈ ಬಗೆಯಲ್ಲಿ, ನಿಧಾನವಾಗಿ.

ಸೂರತ್‌ನಿಂದ ನಾವು ಕಲಿಯಬೇಕಾದ ಮುಖ್ಯ ಪಾಠ ಇನ್ನೊಂದು. ಚಿಮಣಿಯಲ್ಲಿ ಸತತವಾಗಿ ಧೂಳನ್ನು ಅಳೆಯುವ ಯಂತ್ರವನ್ನು ವ್ಯಾಪಾರಕ್ಕೆ ಸೇರಿದ ಘಟಕಗಳಲ್ಲಷ್ಟೇ ಅಲ್ಲ, ಹಳೆಯ ನಿಯಮದ ಘಟಕಗಳಲ್ಲಿಯೂ ಕೂರಿಸಿದ್ದರು. ಅಳತೆಯ ಯಂತ್ರ ಇಬ್ಬರಲ್ಲಿಯೂ ಇತ್ತು; ಧೂಳು ಇಳಿದದ್ದು ಬೆಲೆ ಇದ್ದ ಕಡೆ. ಸೈಕ್ಲೋನ್, ಬ್ಯಾಗ್ ಫಿಲ್ಟರ್, ಸ್ಕ್ರಬ್ಬರ್‌ಗಳು ಈ ಕಾರ್ಖಾನೆಗಳಿಗೆ ಹೊಸವಲ್ಲ, ಸಮ್ಮತಿ ಪತ್ರದ ಷರತ್ತಿಗಾಗಿ ಎಂದೋ ಕೂರಿಸಿದವು. ಕೆಲವೇ ವಾರಗಳ ಅವಧಿಗೊಮ್ಮೆ ಲೆಕ್ಕ ಒಪ್ಪಿಸಬೇಕಾದಾಗ ಯಾರೂ ಹೊಸ ಯಂತ್ರ ಕಂಡುಹಿಡಿಯಲು ಕೂರುವುದಿಲ್ಲ. ಇರುವ ಫಿಲ್ಟರಿನ ಚೀಲ ಹರಿದಿದ್ದರೆ ಇಂದೇ ಬದಲಿಸುತ್ತಾರೆ, ಫ್ಯಾನಿನ ವೇಗ ಸರಿಮಾಡುತ್ತಾರೆ, ಕಲ್ಲಿದ್ದಲು ತುಂಬುವವನಿಗೆ ಎರಡು ಮಾತು ಹೇಳುತ್ತಾರೆ, ಪುಡಿ ಹೆಚ್ಚಿರುವ ಅಗ್ಗದ ಸರಕು ಬೇಡವೆನ್ನುತ್ತಾರೆ. ಇದನ್ನು ಹೊಸತನವೆಂದು ಕರೆಯಲು ಪಂಡಿತರು ಹಿಂಜರಿಯಬಹುದು. ಕಾರ್ಖಾನೆ ನಡೆಸಿದವರು ಹಿಂಜರಿಯಲಾರರು. ನಮ್ಮಂಥವರ ಲಾಭನಷ್ಟ ನಿರ್ಧಾರವಾಗುವುದು ಇಂಥ ಹತ್ತು ಸಣ್ಣ ತಿದ್ದುಪಡಿಗಳಲ್ಲಿಯೇ.

ಅಮೆರಿಕದ ಅನುಭವ: ಪೇಟೆಂಟು ಒಂದು ಕಡೆ, ರೈಲು ಇನ್ನೊಂದು ಕಡೆ

ಹಾಗಾದರೆ ದೊಡ್ಡ ಆವಿಷ್ಕಾರಗಳ ಗತಿಯೇನು? ಇದಕ್ಕೆ ಅತಿ ಹೆಚ್ಚು ಅಧ್ಯಯನವಾದ ಉದಾಹರಣೆ ಅಮೆರಿಕದ ಆಮ್ಲಮಳೆ ಕಾರ್ಯಕ್ರಮ. 1990ರ ಶುದ್ಧ ಗಾಳಿ ಕಾಯಿದೆಯ ತಿದ್ದುಪಡಿಯ ಮೂಲಕ ಕಲ್ಲಿದ್ದಲು ವಿದ್ಯುತ್ ಸ್ಥಾವರಗಳ ಗಂಧಕದ ಡೈಆಕ್ಸೈಡ್‌ಗೆ ಒಟ್ಟು ಮಿತಿ ಹಾಕಿ, 1995ರಿಂದ ಮೊದಲ ಹಂತವನ್ನೂ 2000ದಿಂದ ಎರಡನೆಯ ಹಂತವನ್ನೂ ಜಾರಿಗೆ ತಂದರು. ಅದಕ್ಕೂ ಮುಂಚಿನ ನಿಯಮ ಹೇಗಿತ್ತೆಂದರೆ, ಹೊಸ ಸ್ಥಾವರಗಳು ಹೊಗೆ ತೊಳೆಯುವ ಸ್ಕ್ರಬ್ಬರ್ ಹಾಕಲೇಬೇಕು, ಗಂಧಕದ ಇಂತಿಷ್ಟು ಶೇಕಡಾ ಅಂಶವನ್ನು ತೆಗೆಯಲೇಬೇಕು. ಆ ಶೇಕಡಾವಾರು ಮುಟ್ಟಿದ ಮೇಲೆ ಇನ್ನಷ್ಟು ತೆಗೆದವನಿಗೆ ಲಾಭವೇನೂ ಇರಲಿಲ್ಲ.

ಡೇವಿಡ್ ಪಾಪ್ ಎಂಬ ಅರ್ಥಶಾಸ್ತ್ರಜ್ಞರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸ್ಕ್ರಬ್ಬರ್ ಪೇಟೆಂಟುಗಳನ್ನು ಪರಿಶೀಲಿಸಿ ಒಂದು ಸ್ವಾರಸ್ಯಕರ ಸಂಗತಿಯನ್ನು ಗುರುತಿಸಿದರು. 1990ಕ್ಕೆ ಮುಂಚಿನ ಆವಿಷ್ಕಾರಗಳು ಸ್ಕ್ರಬ್ಬರ್ ನಡೆಸುವ ಖರ್ಚನ್ನು ಇಳಿಸಿದವೇ ಹೊರತು ಅದು ತೆಗೆಯುವ ಗಂಧಕದ ಪ್ರಮಾಣವನ್ನು ಏರಿಸಲಿಲ್ಲ. ಪರ್ಮಿಟ್ ವ್ಯವಸ್ಥೆ ಬಂದ ಮೇಲಿನವು ಯಂತ್ರದ ಸಾಮರ್ಥ್ಯವನ್ನೇ ಹೆಚ್ಚಿಸಿದವು. ಕಾರಣ ಸ್ಪಷ್ಟ. ಹೆಚ್ಚಾಗಿ ತೆಗೆದ ಪ್ರತಿ ಟನ್ನೂ ಈಗ ಮಾರಾಟದ ಸರಕು. ಹೊಸತನ ಹೆಚ್ಚಿತೋ ಇಲ್ಲವೋ ಎಂಬುದಕ್ಕಿಂತ, ಅದರ ಮುಖ ಯಾವ ಕಡೆ ತಿರುಗಿತು ಎಂಬುದು ಇಲ್ಲಿ ಮುಖ್ಯ.

ಆದರೆ ಇದೇ ಕಥೆಗೆ ಮತ್ತೊಂದು ಮುಖವಿದೆ; ಮಾರುಕಟ್ಟೆಯ ಅಭಿಮಾನಿಗಳು ಅದನ್ನು ಹೇಳುವುದು ಕಡಿಮೆ. ಮಾರ್ಗರೆಟ್ ಟೇಲರ್ ಮತ್ತು ಸಂಗಡಿಗರ ಸಂಶೋಧನೆಯ ಪ್ರಕಾರ ಸ್ಕ್ರಬ್ಬರ್ ವಿದ್ಯೆ ಬೆಳೆದದ್ದರಲ್ಲಿ ಬಹುಪಾಲು ಪರ್ಮಿಟ್ ಪೇಟೆಗಿಂತ ಹಿಂದಿನ ಕಟ್ಟುನಿಟ್ಟಿನ ಕಾನೂನುಗಳ ಕಾಲದಲ್ಲಿ. ಪೇಟೆ ಬಂದ ಮೇಲೆ ಪೇಟೆಂಟು ಅರ್ಜಿಗಳ ಸಂಖ್ಯೆ ಇಳಿಯಿತು. ಏಕೆಂದರೆ ಪೇಟೆ ತೋರಿಸಿದ ಅತ್ಯಂತ ಅಗ್ಗದ ದಾರಿ ಯಂತ್ರವೇ ಆಗಿರಲಿಲ್ಲ. ವಯೋಮಿಂಗ್ ರಾಜ್ಯದ ಪೌಡರ್ ನದಿ ಕಣಿವೆಯಲ್ಲಿ ಗಂಧಕ ಕಡಿಮೆಯಿರುವ ಕಲ್ಲಿದ್ದಲು ಹೇರಳವಾಗಿತ್ತು. 1980ರ ಕಾಯಿದೆಯಿಂದ ರೈಲ್ವೆ ಸಾಗಣೆ ದರದ ಮೇಲಿನ ಸರಕಾರಿ ಹಿಡಿತ ಸಡಿಲಗೊಂಡು ಆ ಕಲ್ಲಿದ್ದಲು ದೂರದ ಸ್ಥಾವರಗಳಿಗೆ ಅಗ್ಗವಾಗಿ ತಲುಪಲಾರಂಭಿಸಿತ್ತು. ಹಲವು ಸ್ಥಾವರಗಳು ಎರಡು ಬಗೆಯ ಕಲ್ಲಿದ್ದಲನ್ನು ಬೆರೆಸಿ ಉರಿಸುವುದನ್ನು ಕಲಿತವು. ವಿಜ್ಞಾನಿಗಿಂತ ಇಂಧನ ಖರೀದಿ ಗುಮಾಸ್ತನೇ ಹೆಚ್ಚು ಗಂಧಕ ಇಳಿಸಿದನೆಂದರೆ ತಪ್ಪಾಗದು. ವ್ಯಾಪಾರಿಯ ದೃಷ್ಟಿಯಿಂದ ಇದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ. ಅಗ್ಗದ ದಾರಿ ಹುಡುಕಿಕೊಡುವುದೇ ಪೇಟೆಯ ಕೆಲಸ. ಆದರೆ ಹೊಸ ಯಂತ್ರೋದ್ಯಮ ಹುಟ್ಟೀತೆಂದು ಕಾದು ಕುಳಿತವರಿಗೆ ನಿರಾಶೆಯಾಯಿತು.

ಬೆಲೆಯ ಏರಿಳಿತ ಇನ್ನೊಂದು ತೊಡಕು. 1993ರ ಮೊದಲ ಹರಾಜಿನಲ್ಲಿ ಟನ್ನಿಗೆ 150 ಡಾಲರ್ ಆಸುಪಾಸಿನಲ್ಲಿದ್ದ ಪರ್ಮಿಟ್ 1996ರ ಹೊತ್ತಿಗೆ ನೂರರ ಕೆಳಗಿಳಿಯಿತು. 2005ರ ಕೊನೆಯಲ್ಲಿ 1,500 ಡಾಲರ್ ದಾಟಿತು. ಮುಂದೆ ಹೊಸ ನಿಯಮಗಳು, ನ್ಯಾಯಾಲಯದ ತೀರ್ಪುಗಳು ಒಂದರ ಮೇಲೊಂದು ಬಂದು 2012ರ ವೇಳೆಗೆ ಆ ಪರ್ಮಿಟ್‌ಗೆ ಬೆಲೆಯೇ ಇಲ್ಲದಂತಾಯಿತು. ಇಪ್ಪತ್ತು ವರ್ಷ ಬಾಳುವ ಯಂತ್ರದ ಮೇಲೆ ಹಣ ಹೂಡುವವನು ಇಂಥ ಬೆಲೆಯನ್ನು ನಂಬಿ ಬ್ಯಾಂಕಿಗೆ ಯಾವ ಯೋಜನಾ ವರದಿ ಒಪ್ಪಿಸಬಲ್ಲ? ಸೂರತ್‌ನಲ್ಲಿ ಬೆಲೆಗೆ ತಳವನ್ನೂ ಛಾವಣಿಯನ್ನೂ ಹಾಕಿದ್ದು ಈ ದೃಷ್ಟಿಯಿಂದ ಸರಿಯಾದ ಕ್ರಮ.

ಕಟ್ಟಿದ ಹಣ ಮರಳಿ ಬಂದ ಸ್ವೀಡನ್

ಇದು ತೆರಿಗೆಯ ಇನ್ನೊಂದು ಹೆಸರು ಎನ್ನುವ ಸದಸ್ಯರು ಸ್ವೀಡನ್ನಿನ ಕ್ರಮವನ್ನು ಗಮನಿಸಬೇಕು. ಅಲ್ಲಿ 1992ರಿಂದ ದೊಡ್ಡ ಬಾಯ್ಲರುಗಳ ಸಾರಜನಕದ ಆಕ್ಸೈಡುಗಳಿಗೆ ಕಿಲೋಗೆ 40 ಕ್ರೋನರ್ ಶುಲ್ಕ ವಿಧಿಸಲಾಯಿತು. ಶುಲ್ಕ ದುಬಾರಿಯೇ. ಆದರೆ ಸಂಗ್ರಹವಾದ ಹಣ ಖಜಾನೆಗೆ ಹೋಗಲಿಲ್ಲ. ಆಡಳಿತದ ಅಲ್ಪ ಖರ್ಚು ಕಳೆದು, ಪ್ರತಿ ಸ್ಥಾವರ ಉತ್ಪಾದಿಸಿದ ಉಪಯುಕ್ತ ಶಕ್ತಿಯ ಪ್ರಮಾಣಕ್ಕನುಗುಣವಾಗಿ ಅವರಿಗೇ ಮರಳಿ ಹಂಚಲಾಯಿತು. ಸರಾಸರಿಗಿಂತ ಶುದ್ಧವಾಗಿ ಉರಿಸುವವನಿಗೆ ಕಟ್ಟಿದ್ದಕ್ಕಿಂತ ಹೆಚ್ಚು ಮರಳುತ್ತದೆ, ಕೊಳಕಾಗಿ ಉರಿಸುವವನಿಗೆ ಕಡಿಮೆ. ಉದ್ಯಮ ಸಮೂಹದಿಂದ ಹಣ ಹೊರಗೆ ಹೋಗುವುದಿಲ್ಲ; ಒಬ್ಬರ ಜೇಬಿನಿಂದ ಇನ್ನೊಬ್ಬರ ಜೇಬಿಗೆ ಸಾಗುತ್ತದೆ.

ಮೊದಲ ವರ್ಷ ಶುಲ್ಕ ವ್ಯಾಪ್ತಿಯ ಸ್ಥಾವರಗಳಲ್ಲಿ ಈ ಅನಿಲ ತಗ್ಗಿಸುವ ತಂತ್ರವನ್ನು ಅಳವಡಿಸಿದ್ದವು ಶೇ. 7 ಮಾತ್ರ. ಮರುವರ್ಷ, ಅಂದರೆ 1993ರಲ್ಲಿ, ಅವು ಶೇ. 62ಕ್ಕೆ ಏರಿದವು. ಇಷ್ಟು ವೇಗ ಎಲ್ಲಿಂದ ಬಂತು? ಶುಲ್ಕದ ಲೆಕ್ಕಕ್ಕಾಗಿ ಸತತ ಅಳತೆ ಮಾಡಬೇಕಾಯಿತು. ಅಳತೆಯ ಅಂಕಿ ಕಣ್ಣ ಮುಂದೆ ಓಡತೊಡಗಿದಾಗ, ಗಾಳಿಯ ಪ್ರಮಾಣ ಸ್ವಲ್ಪ ತಿರುಗಿಸಿದರೆ, ಉರಿಯ ಉಷ್ಣತೆ ಸ್ವಲ್ಪ ಹೊಂದಿಸಿದರೆ ಅಂಕಿ ಇಳಿಯುತ್ತದೆ ಎಂದು ಬಾಯ್ಲರ್ ನಡೆಸುವವರಿಗೆ ತಾವಾಗಿಯೇ ತಿಳಿಯಿತು. ಕೆಲವು ಸುಧಾರಣೆಗಳಿಗೆ ಖರ್ಚೇ ಬೀಳಲಿಲ್ಲ. ಅನುಕೂಲ ಕಂಡದ್ದರಿಂದ 1997ರ ವೇಳೆಗೆ ಇನ್ನೂ ಚಿಕ್ಕ ಸ್ಥಾವರಗಳನ್ನೂ ಈ ವ್ಯಾಪ್ತಿಗೆ ತಂದರು. ನನ್ನ ಮಟ್ಟಿಗೆ ಹೇಳುವುದಾದರೆ, ನಮ್ಮ ಕೈಗಾರಿಕಾ ಪ್ರದೇಶಗಳಿಗೆ ಪರ್ಮಿಟ್ ಪೇಟೆಗಿಂತಲೂ ಈ ಮರುಹಂಚಿಕೆಯ ಶುಲ್ಕವೇ ಒಗ್ಗುತ್ತದೆ. ಇದರಲ್ಲಿ ಪೇಟೆ ನಡೆಸುವ ಗೊಡವೆಯಿಲ್ಲ, ದಲ್ಲಾಳಿಗಳಿಗೆ ಕೆಲಸವಿಲ್ಲ, ಬೆಲೆ ಮೊದಲೇ ಗೊತ್ತಿರುತ್ತದೆ.

ತಡವಾಗಿ ಬಂದ ಬೆಲೆ

ನಮ್ಮ ದೇಶದ ದೊಡ್ಡ ಉದ್ದಿಮೆಗಳು ಇಂಥ ಪೇಟೆಯ ರುಚಿಯನ್ನು ಈಗಾಗಲೇ ನೋಡಿವೆ. ಇಂಧನ ಸಂರಕ್ಷಣಾ ಕಾಯಿದೆಯಡಿ 2012ರಲ್ಲಿ ಆರಂಭವಾದ, 'ಪ್ಯಾಟ್' ಎಂದು ಹೆಸರಾದ ಯೋಜನೆಯ ಮೊದಲ ಸುತ್ತಿನಲ್ಲಿ ಸಿಮೆಂಟ್, ಉಕ್ಕು, ಜವಳಿ, ಕಾಗದ ಮುಂತಾದ ಎಂಟು ವಲಯಗಳ 478 ಘಟಕಗಳಿಗೆ ಇಂಧನ ಉಳಿತಾಯದ ಗುರಿ ಕೊಡಲಾಯಿತು. ಗುರಿ ಮೀರಿದವರಿಗೆ ಪ್ರಮಾಣಪತ್ರ ಸಿಗುತ್ತದೆ, ಗುರಿ ಮುಟ್ಟದವರು ಅದನ್ನು ಕೊಳ್ಳಬೇಕು. ಸುತ್ತು 2015ರ ಮಾರ್ಚಿಗೆ ಮುಗಿಯಿತು. ಒಟ್ಟಾರೆ ಉಳಿತಾಯ ಗುರಿಯನ್ನು ಮೀರಿತು, ಅದು ಸಂತೋಷದ ವಿಷಯ. ಆದರೆ ಮಾರಾಟಕ್ಕೆ ಬಂದ ಪ್ರಮಾಣಪತ್ರಗಳು ಸುಮಾರು 38 ಲಕ್ಷ, ಕೊಳ್ಳಬೇಕಾದವರ ಅಗತ್ಯ ಸುಮಾರು 14 ಲಕ್ಷ. ಸಂತೆಯಲ್ಲಿ ಟೊಮ್ಯಾಟೊ ಹೀಗೆ ಬಂದು ಬಿದ್ದರೆ ಏನಾಗುವುದೆಂದು ನಮ್ಮ ಓದುಗರಿಗೆ ವಿವರಿಸಬೇಕಿಲ್ಲ. ವ್ಯಾಪಾರ ಆರಂಭವಾದದ್ದಾದರೂ 2017ರ ಸೆಪ್ಟೆಂಬರಿನಲ್ಲಿ, ಸುತ್ತು ಮುಗಿದ ಎರಡೂವರೆ ವರ್ಷದ ಮೇಲೆ. 2013ರಲ್ಲಿ ಯಂತ್ರ ಬದಲಿಸಲೋ ಬೇಡವೋ ಎಂದು ಯೋಚಿಸುತ್ತಿದ್ದವನಿಗೆ ಅಂದು ಕಣ್ಣ ಮುಂದೆ ಯಾವ ಬೆಲೆಯೂ ಇರಲಿಲ್ಲ. ಇಲ್ಲದ ಬೆಲೆ ಯಾರಿಗೂ ಪ್ರೇರಣೆ ಕೊಡಲಾರದು.

ಈಗ ಅದೇ ದಾರಿಯಲ್ಲಿ ಇಂಗಾಲದ ಪೇಟೆ ರೂಪುಗೊಳ್ಳುತ್ತಿದೆ. 2023ರ ಜೂನ್‌ನಲ್ಲಿ ಯೋಜನೆ ಪ್ರಕಟವಾಗಿ, 2025ರ ಅಕ್ಟೋಬರಿನಲ್ಲಿ ಸಿಮೆಂಟ್, ಅಲ್ಯುಮಿನಿಯಂ, ಕ್ಲೋರ್-ಆಲ್ಕಲಿ ಮತ್ತು ಕಾಗದ ವಲಯಗಳಿಗೆ ಮೊದಲ ಗುರಿಗಳನ್ನು ಅಧಿಸೂಚಿಸಲಾಯಿತು. ಇದು ದೊಡ್ಡವರ ವಿಷಯ ಎಂದು ಸುಮ್ಮನಿರುವಂತಿಲ್ಲ. ಐರೋಪ್ಯ ಒಕ್ಕೂಟವು 2026ರ ಜನವರಿಯಿಂದ ಆಮದಾಗುವ ಉಕ್ಕು, ಅಲ್ಯುಮಿನಿಯಂ ಮುಂತಾದ ಸರಕುಗಳ ಇಂಗಾಲಕ್ಕೆ ಬೆಲೆ ಕಟ್ಟುವ ಹಂತಕ್ಕೆ ಕಾಲಿಟ್ಟಿದೆ. ಆ ಪಟ್ಟಿಯಲ್ಲಿ ಬೋಲ್ಟು, ನಟ್ಟು, ಸ್ಕ್ರೂಗಳೂ ಇವೆ. ವರ್ಷಕ್ಕೆ 50 ಟನ್ನಿನೊಳಗೆ ಆಮದು ಮಾಡುವವರಿಗೆ ವಿನಾಯಿತಿ ಇದೆ. ಅದಕ್ಕಿಂತ ಹೆಚ್ಚು ತರಿಸುವ ಅಲ್ಲಿನ ಖರೀದಿದಾರ ನಮ್ಮ ಸಣ್ಣ ಘಟಕವನ್ನು ಕೇಳುವ ಮೊದಲ ಪ್ರಶ್ನೆ ದರವಲ್ಲ, ಅಳತೆಯ ದಾಖಲೆ.

ಸಣ್ಣವರಿಗೆ ವಿದ್ಯೆ ಕೊಡುವವರು ಯಾರು?

ಬೆಲೆ ಮನಸ್ಸನ್ನು ಕೊಡುತ್ತದೆ, ವಿದ್ಯೆಯನ್ನು ಕೊಡುವುದಿಲ್ಲ. ಹತ್ತು ಹದಿನೈದು ಜನ ದುಡಿಯುವ ಎರಕದ ಕಾರ್ಖಾನೆ ಹೊಸ ಕುಲುಮೆಯ ವಿನ್ಯಾಸ ಮಾಡಲಾರದು, ಕಿಲೋಗೆ ಎಷ್ಟೇ ಬೆಲೆ ಕಟ್ಟಿದರೂ ಸರಿ. ಬೆಳಗಾವಿಯ ಎರಕದವರಿಗೆ ಪರಿಚಯವಿರುವ ಎರಡು ಸಾಲಿನ ಗಾಳಿಯ ಕ್ಯುಪೋಲಾ ಇದಕ್ಕೆ ಉದಾಹರಣೆ. ಗಾಳಿಯನ್ನು ಒಂದೇ ಮಟ್ಟದಲ್ಲಿ ಊದುವ ಬದಲು ಮೇಲೊಂದು ಕೆಳಗೊಂದು ಎರಡು ಸಾಲಿನಲ್ಲಿ ಊದಿದರೆ ಕೋಕ್ ಉಳಿಯುತ್ತದೆ, ಲೋಹ ಹೆಚ್ಚು ಬಿಸಿಯಾಗಿ ಇಳಿಯುತ್ತದೆ, ಹೊಗೆಯೂ ಕಡಿಮೆ. ತತ್ತ್ವ ಹಳೆಯದೇ. ಆದರೆ ನಮ್ಮ ಸಣ್ಣ ಕುಲುಮೆಗಳ ಅಳತೆಗೆ ಅದನ್ನು ಹೊಂದಿಸಿ, ಹೊಗೆ ಶುದ್ಧಿ ಮಾಡುವ ಉಪಕರಣದ ಸಮೇತ 1998ರಲ್ಲಿ ಹೌರಾದಲ್ಲಿ ಪ್ರತ್ಯಕ್ಷ ನಡೆಸಿ ತೋರಿಸಿದ್ದು 'ಟೇರಿ' ಸಂಸ್ಥೆ, ಸ್ವಿಸ್ ಸರಕಾರದ ಅಭಿವೃದ್ಧಿ ನೆರವಿನಿಂದ. ಅಲ್ಲಿಂದ ಅದು ಬೇರೆ ಬೇರೆ ಎರಕದ ಊರುಗಳಿಗೆ ಹರಡಿತು. ಕೋಕ್ ಉಳಿತಾಯ ಉದ್ಯಮಿಯನ್ನು ಸೆಳೆಯಿತು, ನಿಜ. ಆದರೆ ನಕ್ಷೆ ಬರೆದವರು ಬೇರೆ.

ನೆರೆಯ ತಿರುಪ್ಪೂರಿನದು ಇನ್ನೂ ಕಠಿಣವಾದ ಕಥೆ. ನೊಯ್ಯಲ್ ನದಿಗೆ ಬಣ್ಣದ ನೀರು ಹರಿಸುವುದು ನಿಲ್ಲದಿದ್ದಾಗ 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಆದೇಶದಂತೆ 700ಕ್ಕೂ ಹೆಚ್ಚು ಬಣ್ಣದ ಘಟಕಗಳು ಬಾಗಿಲು ಹಾಕಿದವು. ಕೆಲಸ ಕಳೆದುಕೊಂಡವರ ಗೋಳು ದೊಡ್ಡದು. ಮುಂದೆ ಸಾಮೂಹಿಕ ಶುದ್ಧೀಕರಣ ಘಟಕಗಳು ಉಪ್ಪುನೀರನ್ನು ಬೇರ್ಪಡಿಸಿ ಮತ್ತೆ ಬಣ್ಣದ ತೊಟ್ಟಿಗೇ ಬಳಸುವ ವಿದ್ಯೆಯನ್ನು ಕಲಿತವು. ಅದಕ್ಕೆ ತಮಿಳುನಾಡು ಸರಕಾರದ ಬಡ್ಡಿರಹಿತ ಸಾಲವೂ ಒದಗಿತು. ಹೊಸತನ ಅಲ್ಲಿ ಪೇಟೆಯಿಂದ ಬರಲಿಲ್ಲ, ಬೀಗದಿಂದ ಬಂತು. ಬೀಗದಿಂದ ಬರುವ ಹೊಸತನ ಎಷ್ಟು ದುಬಾರಿ ಎಂಬುದನ್ನು ಅಂದು ಸಾಲದ ಕಂತು ತಪ್ಪಿದವರನ್ನು ಕೇಳಬೇಕು. ಅದಕ್ಕಾಗಿಯೇ, ಬೆಲೆ ಹಾಕುವ ವ್ಯವಸ್ಥೆಯನ್ನು ನಾವು ವಿರೋಧಿಸಿ ಕೂರುವುದಕ್ಕಿಂತ ನಾವೇ ಮುಂದಾಗಿ ಕೇಳುವುದು ಲೇಸೆಂದು ನಾನು ವಾದಿಸುತ್ತಿರುವುದು.

ನಾವು ಕೇಳಬೇಕಾದದ್ದು

ವಾಯು ಕಾಯಿದೆಯ ಹೆಚ್ಚಿನ ಉಲ್ಲಂಘನೆಗಳಿಗೆ ಇದ್ದ ಜೈಲು ಶಿಕ್ಷೆ 2024ರ ಏಪ್ರಿಲ್‌ನಿಂದ ಹೋಗಿ, 2023ರ ಜನ ವಿಶ್ವಾಸ ಕಾಯಿದೆಯ ಪ್ರಕಾರ ರೂ. 10,000ದಿಂದ ರೂ. 15 ಲಕ್ಷದವರೆಗಿನ ದಂಡ ಬಂದಿದೆ. ಉದ್ಯಮ ಸಂಸ್ಥೆಗಳು ಇದನ್ನು ಸ್ವಾಗತಿಸಿವೆ, ಸರಿಯೇ. ಆದರೆ ದಂಡವೂ ಬೆಲೆಯೂ ಒಂದೇ ಅಲ್ಲ. ದಂಡ ಸಿಕ್ಕಿಬಿದ್ದವನಿಗೆ ಮಾತ್ರ, ಒಳ್ಳೆಯ ಕೆಲಸ ಮಾಡಿದವನಿಗೆ ಅದರಿಂದ ಪ್ರಯೋಜನವಿಲ್ಲ. ಮೇಲಾಗಿ ಹತ್ತು ಸಾವಿರಕ್ಕೂ ಹದಿನೈದು ಲಕ್ಷಕ್ಕೂ ನಡುವೆ ಎಷ್ಟೆಂದು ತೀರ್ಮಾನಿಸುವುದು ಅಧಿಕಾರಿಯ ವಿವೇಚನೆ. ಆ ವಿವೇಚನೆಯ ಬೆಲೆ ಏನೆಂದು ನಮ್ಮಲ್ಲಿ ಹಲವರಿಗೆ ಗೊತ್ತು.

ಬೆಲೆಯ ವ್ಯವಸ್ಥೆಗೆ ಬುನಾದಿ ನಂಬಲರ್ಹವಾದ ಅಳತೆ. ಈ ವಿಷಯದಲ್ಲಿ ನಮ್ಮ ಕಡೆಯ ತಪ್ಪನ್ನೂ ಒಪ್ಪಿಕೊಳ್ಳಬೇಕು. ಗುಜರಾತಿನಲ್ಲಿ ಪರಿಸರ ಲೆಕ್ಕಪರಿಶೋಧಕರನ್ನು ಕಾರ್ಖಾನೆಯವರೇ ಆರಿಸಿ ಹಣ ಕೊಡುತ್ತಿದ್ದ ಕಾಲದಲ್ಲಿ ವರದಿಗಳ ಅಂಕಿಗಳೆಲ್ಲ ಪವಾಡದಂತೆ ಮಿತಿಯ ಕೆಳಗೇ ಬಂದು ನಿಲ್ಲುತ್ತಿದ್ದವು. ಪರಿಶೋಧಕರನ್ನು ಚೀಟಿ ಎತ್ತಿ ನೇಮಿಸಿ, ಸಾಮೂಹಿಕ ನಿಧಿಯಿಂದ ಸಂಬಳ ಕೊಟ್ಟು, ಅವರ ಅಳತೆಯನ್ನು ಮತ್ತೊಮ್ಮೆ ಪರೀಕ್ಷಿಸತೊಡಗಿದಾಗ ವರದಿಗಳು ಸತ್ಯವಾದವು, ಮಾಲಿನ್ಯವೂ ಇಳಿಯಿತು. 2013ರಲ್ಲಿ ಪ್ರಕಟವಾದ ಈ ಅಧ್ಯಯನ ನಮ್ಮ ರಾಜ್ಯಕ್ಕೂ ಅನ್ವಯವಾಗುವುದಿಲ್ಲವೆಂದು ಎದೆ ಮುಟ್ಟಿ ಹೇಳುವವರು ಎಷ್ಟು ಮಂದಿ? ಸುಳ್ಳು ಅಳತೆಯ ಮೇಲೆ ಪೇಟೆ ಕಟ್ಟಿದರೆ ಪ್ರಾಮಾಣಿಕ ಘಟಕ ಪರ್ಮಿಟ್ ಕೊಂಡು ಸೊರಗುತ್ತದೆ, ಮೀಟರ್ ತಿರುಚಿದವನು ಅದನ್ನು ಮಾರಿ ಲಾಭ ಮಾಡುತ್ತಾನೆ. ತೂಕದಲ್ಲಿ ಮೋಸವಿರುವ ಮಂಡಿಗೆ ಒಳ್ಳೆಯ ಮಾಲು ಬರುವುದಿಲ್ಲ.

ಅಳತೆ ಯಂತ್ರದ ಖರ್ಚಿನ ಪ್ರಶ್ನೆಯೂ ಇದೆ. ದೊಡ್ಡ ಬಾಯ್ಲರಿಗೆ ಸತತ ಅಳತೆ ಹೊರೆಯಲ್ಲ. ಅರ್ಧ ಟನ್ನಿನ ಬಾಯ್ಲರ್ ಇಟ್ಟವನಿಗೆ ಅದು ಬಾಯ್ಲರಿನಷ್ಟೇ ಭಾರ. ಆದ್ದರಿಂದ ತೀರ ಸಣ್ಣ ಘಟಕಗಳನ್ನು ಒಂದೊಂದಾಗಿ ಪೇಟೆಗೆ ಎಳೆಯಬಾರದು. ಒಂದು ಕೈಗಾರಿಕಾ ಪ್ರದೇಶದ ಹತ್ತಿಪ್ಪತ್ತು ಘಟಕಗಳು ಸೇರಿ ಸಾಮಾನ್ಯ ಬಾಯ್ಲರ್ ಹಾಕಿಕೊಂಡು ಪೈಪಿನಲ್ಲಿ ಉಗಿ ಹಂಚಿಕೊಳ್ಳುವುದಾದರೆ, ಚಿಮಣಿ ಒಂದೇ, ಮೀಟರ್ ಒಂದೇ, ಉಳಿತಾಯದ ಲಾಭ ಎಲ್ಲರಿಗೂ. ಬೆಲೆ ಇದ್ದರಷ್ಟೇ ಇಂಥ ಸಹಕಾರಕ್ಕೆ ಯಾರಾದರೂ ಮುಂದೆ ಬಂದಾರು.

ದುಡ್ಡಿದ್ದವನು ಪರ್ಮಿಟ್ ಕೊಂಡು ಹೊಗೆ ಬಿಡುತ್ತಲೇ ಇರುತ್ತಾನೆ, ಅವನ ಗೋಡೆಯಾಚೆಯ ಮನೆಯವರ ಪಾಡೇನು ಎಂಬ ಆಕ್ಷೇಪಣೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಊರಿನ ಒಟ್ಟು ಧೂಳು ಇಳಿದರೂ ಒಂದು ಬೀದಿಯಲ್ಲಿ ಏರಬಹುದು. ಪರ್ಮಿಟ್ ಎಷ್ಟೇ ಇದ್ದರೂ ಯಾವ ಚಿಮಣಿಯೂ ದಾಟಬಾರದ ಮೇಲಿನ ಗೆರೆಯೊಂದು ಇರಲೇಬೇಕು. ಉದ್ಯಮಿಗಳಾದ ನಾವೇ ಈ ಮಾತನ್ನು ಮನವಿಯಲ್ಲಿ ಬರೆದರೆ, ನಮ್ಮ ಉಳಿದ ಮಾತುಗಳನ್ನು ಸರಕಾರ ಸಮಾಧಾನದಿಂದ ಕೇಳೀತು.

ಆದ್ದರಿಂದ ನನ್ನ ಸಲಹೆ ಇಷ್ಟು. ವರ್ಷವರ್ಷವೂ ಬಜೆಟ್ ಪೂರ್ವ ಮನವಿಯಲ್ಲಿ ಸಮ್ಮತಿ ಶುಲ್ಕ ಇಳಿಸಿ, ಅವಧಿ ಹೆಚ್ಚಿಸಿ ಎಂದು ಬೇಡುವುದರ ಜೊತೆಗೆ, ಬಾಯ್ಲರುಗಳು ದಟ್ಟವಾಗಿರುವ ಒಂದು ಕೈಗಾರಿಕಾ ಪ್ರದೇಶದಲ್ಲಿ ಮರುಹಂಚಿಕೆಯ ಶುಲ್ಕವನ್ನು ಐದು ವರ್ಷದ ಮಟ್ಟಿಗೆ ಪ್ರಯೋಗಿಸಿ ನೋಡುವಂತೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯನ್ನು ನಾವು ಕೇಳಬೇಕು. ದರ ಮೊದಲ ದಿನವೇ ಪ್ರಕಟವಾಗಲಿ, ಐದು ವರ್ಷ ಬದಲಾಗದಿರಲಿ. ಅಳತೆ ಮಾಡುವವರನ್ನು ನಾವು ಆರಿಸುವುದು ಬೇಡ. ಸಂಗ್ರಹದ ಒಂದು ಸಣ್ಣ ಪಾಲನ್ನು ತಾಂತ್ರಿಕ ಕಾಲೇಜುಗಳ ಮೂಲಕ ಸಣ್ಣ ಬಾಯ್ಲರುಗಳ ಸುಧಾರಣೆಗೆ ತೆಗೆದಿಡಲಿ. ಪ್ರಯೋಗಕ್ಕೆ ಸ್ವಇಚ್ಛೆಯಿಂದ ಬರುವ ಸದಸ್ಯರು ಈಗಿನಿಂದಲೇ ಒಂದು ಪುಸ್ತಕ ಇಟ್ಟು, ದಿನಕ್ಕೆ ಉರಿಸಿದ ಇಂಧನ, ಫಿಲ್ಟರ್ ಓಡಿದ ಗಂಟೆಗಳು ಮತ್ತು ತಯಾರಾದ ಸರಕನ್ನು ಬರೆಯತೊಡಗಿದರೆ, ಮಂಡಳಿಯ ಮುಂದೆ ಕೂರುವ ದಿನ ನಮ್ಮ ಕೈಯಲ್ಲಿ ಒಂದು ವರ್ಷದ ಲೆಕ್ಕವಾದರೂ ಇರುತ್ತದೆ.